ಬಾಗಿಲು ಹಾಕುವ ಹಕ್ಕು

ಪ್ರವಾಸಿಗಳು ಹಳ್ಳಿಗೆ ಬರಲಿ, ಹಳ್ಳಿಯವರ ಮನೆಯಲ್ಲೇ ಉಳಿಯಲಿ, ಅವರ ಅಡುಗೆ ಉಣ್ಣಲಿ, ದುಡ್ಡು ಹಳ್ಳಿಯಲ್ಲೇ ನಿಲ್ಲಲಿ. ಇದಕ್ಕೆ ಸಮುದಾಯ ಪ್ರವಾಸೋದ್ಯಮ ಎಂದು ಹೆಸರಿಟ್ಟಿದ್ದಾರೆ. ಮಾತು ಚೆಂದವಿದೆ. ದೊಡ್ಡ ಹೋಟೆಲಿನ ಧಣಿಗೆ ಹೋಗುವ ಲಾಭ ರೊಟ್ಟಿ ಬಡಿಯುವ ಹೆಣ್ಣುಮಗಳ ಕೈಗೆ ಬರುವುದಾದರೆ ಬೇಡವೆನ್ನಲು ನಾನ್ಯಾರು? ಮಳೆ ಕೈಕೊಟ್ಟ ವರ್ಷ ಗಂಟು ಕಟ್ಟಿ ಗುಳೆ ಹೋಗುವ ಜನ ನಾವು.

ಆದರೆ ಆ ಹೆಸರಿನಲ್ಲಿರುವ ಒಂದು ಪದ ನನ್ನನ್ನು ಚುಚ್ಚುತ್ತದೆ. ಸಮುದಾಯ! ಯಾವ ಸಮುದಾಯ ಸ್ವಾಮಿ? ನಮ್ಮ ಕಡೆ ಹಳ್ಳಿ ಎಂದರೆ ಒಂದಲ್ಲ, ಎರಡು. ಊರು ಒಂದು, ಕೇರಿ ಒಂದು. ಲೆಕ್ಕ ಬರೆಯುವವರು ಹಳ್ಳಿಯ ಆದಾಯ ಎಂದು ಒಂದೇ ಸಾಲಿನಲ್ಲಿ ಬರೆದು ಮುಗಿಸುತ್ತಾರೆ. ಈ ಮೋಸ ಬಾಬಾಸಾಹೇಬರಿಗೆ ಗೊತ್ತಿತ್ತು. 1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲಿ ನಿಂತು ಅವರು ಹಳ್ಳಿಯನ್ನಲ್ಲ, ವ್ಯಕ್ತಿಯನ್ನು ಘಟಕವಾಗಿ ಹಿಡಿದದ್ದೇ ಸರಿ ಎಂದು ವಾದಿಸಿದರು.

ತುಂಗಭದ್ರೆಯ ದಂಡೆಯ ಆನೆಗೊಂದಿಯನ್ನು ನೋಡಿ. ಹೊಳೆಯಾಚೆಯ ಹಂಪಿ 1986ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಈಚೆಯ ಆನೆಗೊಂದಿಯಲ್ಲಿ ಹಳೆಯ ಮನೆಗಳನ್ನು ರಿಪೇರಿ ಮಾಡಿ ಪ್ರವಾಸಿಗಳನ್ನು ಉಳಿಸಿಕೊಳ್ಳುವ ಕೆಲಸ ನಡೆದಿದೆ. ಬಾಳೆನಾರು ಹೆಣೆದು ಹೆಂಗಸರು ನಾಲ್ಕು ಕಾಸು ಕಂಡಿದ್ದಾರೆ. ಒಳ್ಳೆಯದೇ. ಆದರೆ ಅದೇ ಗಂಗಾವತಿ ತಾಲೂಕಿನಲ್ಲಿ ಮರಕುಂಬಿ ಎಂಬ ಹಳ್ಳಿಯೂ ಇದೆ. ಕೇರಿಯವರಿಗೆ ಹೋಟೆಲಿನಲ್ಲಿ ಚಹಾ ಇಲ್ಲ, ಕ್ಷೌರದಂಗಡಿಗೆ ಪ್ರವೇಶವಿಲ್ಲ ಎಂಬ ಅನ್ಯಾಯವನ್ನು ಅಲ್ಲಿನ ಜನ ಪ್ರಶ್ನಿಸಿದ್ದರು. 2014ರ ಆಗಸ್ಟ್‌ನಲ್ಲಿ ಅವರ ಮನೆಗಳಿಗೆ ಬೆಂಕಿ ಬಿತ್ತು. ಹತ್ತು ವರ್ಷ ಕಳೆದು 2024ರ ಅಕ್ಟೋಬರ್‌ನಲ್ಲಿ ಕೊಪ್ಪಳದ ನ್ಯಾಯಾಲಯ 98 ಜನರಿಗೆ ಜೀವಾವಧಿ ಶಿಕ್ಷೆ ವಿಧಿಸಿತು. ಮೇಲ್ಮನವಿ ಹೈಕೋರ್ಟಿಗೆ ಹೋಯಿತು, ಹೆಚ್ಚಿನವರಿಗೆ ಜಾಮೀನೂ ಸಿಕ್ಕಿತು.

ದೂರದಿಂದ ಬಂದ ಅತಿಥಿಯನ್ನು ದೇವರೆನ್ನುವ ನಾಡಿನಲ್ಲಿ, ನೆರೆಯವನು ದುಡ್ಡು ಕೊಟ್ಟರೂ ಚಹಾ ಇಲ್ಲ. ನನ್ನ ಪ್ರಶ್ನೆ ಹುಟ್ಟುವುದು ಇಲ್ಲಿಂದ.

ನಮ್ಮ ಕೇರಿಯ ಚಿಗವ್ವನನ್ನು ಒಮ್ಮೆ ಕೇಳಿದೆ: "ಪ್ಯಾಟಿ ಮಂದಿನ್ನ ಮನ್ಯಾಗ ಇಟ್ಕೊಂತೀಯೇನಬೇ? ದುಡ್ಡು ಕೊಡ್ತಾರಂತ."

ಅವಳು ನಕ್ಕಳು. "ಮಲಗಾಕ ನಮಗ ಜಾಗ ಇಲ್ಲ, ಅವರನ್ನೆಲ್ಲಿ ಮಲಗಸ್ಲೆಪ್ಪಾ? ಆತು, ಜಾಗ ಐತಿ ಅಂತ ತಿಳಕೋ. ನನ್ನ ಕೈಯಾಗಿನ ರೊಟ್ಟಿ ಅವರು ತಿಂತಾರ. ತಿಂದು ಊರಾಗ ಹೋಗಿ ನೀರು ಕೇಳಿದ್ರ, ಊರವ್ರು ಅವರಿಗೂ ಮ್ಯಾಲಿಂದ ಸುರೀತಾರ!"

ಅತಿಥಿಯನ್ನು ಉಳಿಸಿಕೊಳ್ಳಲು ಒಂದು ಕೋಣೆ ಹೆಚ್ಚಿಗಿರಬೇಕು, ಪಾಯಖಾನೆ ಇರಬೇಕು, ಮನೆಯ ಜಾಗಕ್ಕೆ ಪಟ್ಟಾ ಇರಬೇಕು. ಪಟ್ಟಾ ಇಲ್ಲದ ಬದುಕಿನ ಗತಿಯನ್ನು ಹಂಪಿಯ ಬಜಾರಿನಲ್ಲೇ ಕಂಡಿದ್ದೇವೆ. ಪ್ರವಾಸಿಗಳನ್ನೇ ನಂಬಿ ಅಲ್ಲಿ ಬದುಕಿದ್ದ ಸಂಸಾರಗಳ ಮೇಲೆ 2011ರ ಜುಲೈನಲ್ಲಿ ಬುಲ್ಡೋಜರ್ ಬಂತು. ಹಾಗಾದರೆ ಕೋಣೆ ಇದ್ದವನು ಯಜಮಾನನಾಗುತ್ತಾನೆ. ಕೇರಿಯ ಪಾಲಿಗೆ ಉಳಿಯುವುದು ಅಂಗಳದ ಕಸ, ಹಿತ್ತಲಿನ ಎಂಜಲು ಪಾತ್ರೆ.

ನನ್ನ ಗೆಳೆಯನೊಬ್ಬ ಇದನ್ನು ಒಪ್ಪುವುದಿಲ್ಲ. "ದುಡ್ಡಿಗೆ ಜಾತಿ ಇಲ್ಲೋ ಮಾರಾಯ. ಹೊರಗಿನವನು ನಿನ್ನ ಜಾತಿ ಕೇಳಲ್ಲ, ರುಚಿ ಕೇಳ್ತಾನೆ. ಕಟ್ಟು ಬಿಚ್ಚೋದು ಹಂಗೇ" ಅನ್ನುತ್ತಾನೆ. ಅವನ ಮಾತನ್ನು ನಾನು ತಳ್ಳಿಹಾಕಲಾರೆ. ಹೊರಗಿನ ಗಾಳಿ ಬರದೆ ಯಾವ ಹಳ್ಳಿಯೂ ತಾನಾಗಿ ಬದಲಾಗಿಲ್ಲ. ಆದರೆ ಸರ್ಕಾರದ ದುಡ್ಡಿನ ಬಿಸಿಯೂಟದ ಕತೆ ಏನಾಯಿತು? ಅಡುಗೆಯವರ ನೇಮಕದಲ್ಲಿ ದಲಿತರಿಗೆ ಆದ್ಯತೆ ಕೊಡಿ ಎಂದು ಸುಪ್ರೀಂ ಕೋರ್ಟ್ 2004ರಲ್ಲಿ ಹೇಳಿತು. ಅದಾದ ಮೇಲೂ, ಅಡುಗೆಯವಳು ಕೇರಿಯವಳು ಎಂದು ಮಕ್ಕಳ ಊಟ ಬಿಡಿಸಿದ ಊರುಗಳಿವೆ. ಪುಕ್ಕಟೆ ಅನ್ನವನ್ನೇ ಜಾತಿ ಒದೆಯಬಲ್ಲದಾದರೆ, ಬರೀ ದುಡ್ಡು ಅದನ್ನು ಒಡೆಯುತ್ತದೆಂದು ಹೇಗೆ ನಂಬಲಿ?

ಹಲಗೆಯ ಮಾತು ಹೇಳುತ್ತೇನೆ. ಊರಿನಲ್ಲಿ ಹೆಣ ಬಿದ್ದರೆ ನಮ್ಮವರು ಹೋಗಿ ಬಾರಿಸಬೇಕಿತ್ತು. ಕೂಲಿ ಇಷ್ಟು ಎಂದು ಕೇಳುವಂತಿಲ್ಲ, ಕೊಟ್ಟಷ್ಟು ಕಾಳು ಸೆರಗಿಗೆ. ದಲಿತ ಸಂಘರ್ಷ ಸಮಿತಿಯ ಚಳವಳಿ ಎದ್ದಾಗ ಎಷ್ಟೋ ಕೇರಿಗಳು ಇನ್ನು ಬಾರಿಸೆವು ಎಂದವು. ಅದೇ ಹಲಗೆಯನ್ನು ತಮ್ಮ ಮೆರವಣಿಗೆಯಲ್ಲಿ ತಾವೇ ಬಾರಿಸಿದರು. ತೊಗಲು ಅದೇ, ಕೈ ಅದೇ, ಸದ್ದೂ ಅದೇ. ಬದಲಾದದ್ದು, ಬಾರಿಸು ಎಂದವನು ಯಾರು ಎಂಬುದು. ಈಗ ಪ್ರವಾಸಿಗಳ ಬಸ್ಸು ಬಂದ ಕೂಡಲೇ "ಲೇ, ಹಲಗಿ ತಗೊಂಡು ಬಾ" ಎಂದು ಊರು ಕರೆದರೆ, ಕಾಳಿನ ಬದಲು ನೋಟು ಸಿಕ್ಕೀತು. ಬಿಟ್ಟಿಚಾಕರಿ ಹೋಗಿ ಬಾಡಿಗೆ ಚಾಕರಿ ಬಂದೀತು. ಕರೆದ ದನಿ ಮಾತ್ರ ಹಳೆಯದೇ.

ಅದಕ್ಕೇ ನನಗನ್ನಿಸುತ್ತದೆ: ಅತಿಥಿ ಸತ್ಕಾರ ಎಂಬುದು ಬಾಗಿಲು ತೆರೆಯುವ ಗುಣ ಮಾತ್ರವಲ್ಲ. ಬೇಡವಾದಾಗ ಬಾಗಿಲು ಹಾಕಿಕೊಳ್ಳಬಲ್ಲವನು ತೆರೆದರೆ ಅದು ಸತ್ಕಾರ. ಹಾಕುವ ಹಕ್ಕೇ ಇಲ್ಲದವನು ತೆರೆದರೆ ಅದು ಚಾಕರಿ. ಕೇರಿಯ ಬಾಗಿಲಿಗೆ ಆ ಹಕ್ಕು ಎಂದೂ ಇರಲಿಲ್ಲ.

ಆದ್ದರಿಂದ ಈ ಯೋಜನೆಯನ್ನು ಅಳೆಯುವಾಗ ಬಂದ ದುಡ್ಡಿನ ಮೊತ್ತ ಒಂದನ್ನೇ ಕೇಳಬೇಡಿ. ಸಮಿತಿಯಲ್ಲಿ ಕೇರಿಯ ಹೆಣ್ಣುಮಗಳು ಕೂತದ್ದು ಕುರ್ಚಿಯ ಮೇಲೋ, ನೆಲದ ಮೇಲೋ? ಅತಿಥಿಗೆ ಅವಳು ಬಡಿದ ರೊಟ್ಟಿಯನ್ನು ಪಕ್ಕದಲ್ಲಿ ಕೂತು ಊರ ಗೌಡನೂ ಉಂಡನೋ? ನಮ್ಮ ಗುಡಿಸಲಿನ ಫೋಟೋ ತೆಗೆಯುವ ಮುಂಚೆ ಯಾರಾದರೂ ನಮ್ಮನ್ನು ಕೇಳಿದರೋ? ಹಲಗೆಯವನು "ಇವತ್ತು ಆಗಲ್ಲ" ಎಂದ ಮಾರನೇ ದಿನ ಅವನಿಗೆ ಊರಿನಲ್ಲಿ ಕೂಲಿ ಸಿಕ್ಕಿತೋ?

ಚಿಗವ್ವನಿಗೆ ಒಂದು ಕೋಣೆ, ಅದಕ್ಕೊಂದು ಪಟ್ಟಾ, ಒಳಗಿಂದ ಹಾಕಲು ಒಂದು ಚಿಲಕ ಕೊಡಿ. ಆಮೇಲೆ ಪ್ರವಾಸಿ ಬರಲಿ. ಕದ ತಟ್ಟಲಿ. ತೆಗೆಯುವುದೋ ಬಿಡುವುದೋ ಅವಳು ಹೇಳುತ್ತಾಳೆ.