ಕಾಯಿ ಕಳುವಾಗಲೇಬೇಕೆಂದಿಲ್ಲ

‘ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ.’

ಗಾದೆಯ ಹಿಂದಿನ ಕತೆ ಎಲ್ಲರಿಗೂ ಗೊತ್ತಿರುವುದೇ. ಹಿತ್ತಲಿನ ಬೂದುಗುಂಬಳ ರಾತ್ರೋರಾತ್ರಿ ಮಾಯವಾಗುತ್ತದೆ. ಊರಗೌಡ ಎಲ್ಲರನ್ನೂ ಚಾವಡಿಗೆ ಕರೆಸಿ, ಕದ್ದವನ ಹೆಗಲ ಮೇಲೆ ಬೂದಿ ಇನ್ನೂ ಹಾಗೇ ಇದೆ ಅನ್ನುತ್ತಾನೆ. ಒಬ್ಬನ ಕೈ ತಾನಾಗಿ ಹೆಗಲಿಗೆ ಹೋಗುತ್ತದೆ. ಸಾಕ್ಷಿ ಬೇಡ, ತನಿಖೆ ಬೇಡ, ಕಳ್ಳ ಸಿಕ್ಕಿಬಿದ್ದ. ಗೌಡನ ಜಾಣತನಕ್ಕೆ ನಾವು ತಲೆದೂಗುತ್ತೇವೆ.

ತಲೆದೂಗುವ ಭರದಲ್ಲಿ ಎರಡು ಸಂಗತಿ ಕಣ್ತಪ್ಪುತ್ತವೆ. ಕಾಯಿ ನಿಜಕ್ಕೂ ಕಳುವಾಗಿತ್ತು. ಗೌಡ ಆ ಮಾತನ್ನು ಇಡೀ ಊರಿಗೆ ಹೇಳಿದನೇ ಹೊರತು ಒಬ್ಬನ ಮುಖ ನೋಡಿ ಹೇಳಲಿಲ್ಲ. ಇವೆರಡೂ ಇದ್ದರೆ ಮಾತ್ರ ಹೆಗಲಿಗೆ ಹೋದ ಕೈಗೆ ಒಂದು ಅರ್ಥ. ಊರಾಚೆ ಬೀಡುಬಿಟ್ಟವರ ಎದುರು ನಿಂತು ದಿನಾ ಬೆಳಿಗ್ಗೆ ‘ಕಳ್ಳ’ ಅಂದು ನೋಡಿ: ಏನೂ ಕದಿಯದವರೂ, ಅವರ ಮಕ್ಕಳೂ ಹೆಗಲು ಮುಟ್ಟಿಕೊಳ್ಳುವುದನ್ನು ಕಲಿಯುತ್ತಾರೆ. ಆಮೇಲೆ ಅದನ್ನೇ ತೋರಿಸಿ ‘ನೋಡಿದಿರಾ’ ಅನ್ನುವುದು ಸುಲಭ.

ಇಂಗ್ಲೆಂಡಿನಲ್ಲಿ ಜಿಪ್ಸಿಗಳ ಎದುರು ಈ ಮಾತು ಶುರುವಾಗಿ ಹತ್ತಿರಹತ್ತಿರ ಐನೂರು ವರ್ಷವಾಯಿತು. ಅವರು ಈಜಿಪ್ಟಿನಿಂದ ಬಂದವರೆಂದು ತಪ್ಪು ತಿಳಿದು, 1530ರಲ್ಲಿ ಎಂಟನೇ ಹೆನ್ರಿಯ ಆಳ್ವಿಕೆ ಮಾಡಿದ ಕಾಯಿದೆಗೂ ‘ಈಜಿಪ್ಷಿಯನ್ನರ ಕಾಯಿದೆ’ ಎಂದೇ ಹೆಸರಾಯಿತು. (ಅವರ ರೋಮಾನಿ ಭಾಷೆಯ ಬೇರು ಇರುವುದು ಉತ್ತರ ಭಾರತದ ನುಡಿಗಳಲ್ಲಿ.) ದೇಶ ಬಿಟ್ಟು ತೊಲಗಿ ಎಂದಿತು ಆ ಕಾಯಿದೆ. 1554ರ ಹೊತ್ತಿಗೆ, ಒಂದು ತಿಂಗಳಿಗಿಂತ ಹೆಚ್ಚು ಉಳಿದರೆ ಗಲ್ಲು ಎಂದಾಯಿತು. ಆ ಸಾಲಿನ ಕಾನೂನುಗಳು ಮುಂದೆ ಒಂದೊಂದಾಗಿ ರದ್ದಾದವು.

ಗಲ್ಲು ಹೋಯಿತು, ಲೆಕ್ಕಾಚಾರ ಬಂತು. 1986ರ ಕಾನೂನಿನಲ್ಲಿ, ಪರರ ಜಾಗದಲ್ಲಿ ಹನ್ನೆರಡು ಗಾಡಿ ನಿಂತಿದ್ದರೆ ಪೊಲೀಸರು ಎಬ್ಬಿಸಬಹುದಿತ್ತು. 1994ರಲ್ಲಿ ಆರು ಗಾಡಿ ಸಾಕೆಂದಾಯಿತು. ಅದೇ 1994ರ ಕಾಯಿದೆ, ಜಿಪ್ಸಿಗಳಿಗೆ ತಂಗಲು ಜಾಗ ಒದಗಿಸಬೇಕೆಂದು 1968ರಲ್ಲಿ ಸ್ಥಳೀಯ ಕೌನ್ಸಿಲ್‌ಗಳ ಮೇಲೆ ಹೊರಿಸಿದ್ದ ಹೊಣೆಯನ್ನೂ ಇಳಿಸಿಬಿಟ್ಟಿತು. ನಿಲ್ಲುವ ಜಾಗ ಕಿತ್ತುಕೊಂಡ ಕೈಯೇ ನಿಂತದ್ದಕ್ಕೆ ಎಬ್ಬಿಸಿತು. 2022ರ ಜೂನ್‌ನಿಂದ ಒಂದೇ ಗಾಡಿ ಇದ್ದರೂ ಅಪರಾಧ. ಹೊರಡಿ ಅಂದ ಮೇಲೂ ಉಳಿದರೆ ಮೂರು ತಿಂಗಳವರೆಗೆ ಜೈಲು ಇಲ್ಲವೇ 2,500 ಪೌಂಡ್‌ವರೆಗೆ ದಂಡ, ಜೊತೆಗೆ ಗಾಡಿ ಜಪ್ತಿ. ಆ ಗಾಡಿಯೇ ಅವರ ಮನೆ, ಅಡುಗೆ, ಮಕ್ಕಳ ಹಾಸಿಗೆ ಎಲ್ಲ. ಗಣನೀಯ ಹಾನಿ, ಅಡಚಣೆ ಅಥವಾ ಕಿರುಕುಳ ಆಗಿರಲೇಬೇಕೆಂದೂ ಇಲ್ಲ. ಆಗುವ ಸಂಭವ ಇದ್ದರೂ ನಡೆಯುತ್ತದೆ. ನಮ್ಮ ಗೌಡನಿಗೆ ಕನಿಷ್ಠ ಒಂದು ಕಾಯಿ ಕಳುವಾಗಬೇಕಿತ್ತು. ಇಲ್ಲಿ ಕಳುವಾದೀತು ಅನ್ನಿಸಿದರೆ ಸಾಕು.

ಜಮೀನಿನವರ ಅಹವಾಲು ಸುಳ್ಳೆಂದು ಹೇಳುತ್ತಿಲ್ಲ. ಗೇಟು ಮುರಿದದ್ದು, ಕಸದ ರಾಶಿ ಬಿಟ್ಟು ಹೋದದ್ದು ಉಂಟು. ಆದರೆ ಅವಕ್ಕೆ ಮೊದಲೇ ಕಾನೂನಿತ್ತು, ಯಾರು ಮುರಿದರೂ ಅನ್ವಯಿಸುವಂಥದು. ಹೊಸ ಕಾಯಿದೆ ಬೇಡ, ಇದು ಸಿವಿಲ್ ವ್ಯಾಜ್ಯವಾಗಿಯೇ ಇರಲಿ, ತಂಗುದಾಣ ಹೆಚ್ಚಿಸಿ ಎಂದು ಸರಕಾರಕ್ಕೆ ಹೇಳಿದ್ದು ಅಲ್ಲಿನ ಪೊಲೀಸ್ ಮುಖ್ಯಸ್ಥರ ಮಂಡಳಿಯೇ. ದಿನಾ ಎಬ್ಬಿಸಲು ಹೋಗುವವರಿಗೆ, ಎಬ್ಬಿಸಿದವರು ಎಲ್ಲಿಗೆ ಹೋದಾರು ಎಂಬ ಪ್ರಶ್ನೆ ತಟ್ಟದೆ ಇರುತ್ತದೆಯೇ?

‘ಹಾಗಿದ್ದರೆ ಒಂದು ಕಡೆ ನೆಲೆಸಬಾರದೇ’ ಎಂದು ಕೇಳುವವರು ಎಸೆಕ್ಸ್‌ನ ಡೇಲ್ ಫಾರ್ಮ್ ನೆನೆಯಬೇಕು. ಅಲೆಮಾರಿ ಮೂಲದ ಐರಿಶ್ ಟ್ರಾವೆಲರ್ ಕುಟುಂಬಗಳು ಅಲ್ಲಿ ದುಡ್ಡು ಕೊಟ್ಟು ಜಾಗ ಕೊಂಡಿದ್ದವು. ವಾಸಕ್ಕೆ ಪರವಾನಗಿ ಸಿಗಲಿಲ್ಲ. ವರ್ಷಗಟ್ಟಲೆ ಕೋರ್ಟು ಅಲೆದ ಮೇಲೆ, 2011ರ ಅಕ್ಟೋಬರಿನಲ್ಲಿ ಗಲಭೆ ನಿಗ್ರಹದ ಪೊಲೀಸರು ಬಂದು ತೆರವು ಮಾಡಿಸಿದರು. ಅಲೆದರೂ ತಪ್ಪು, ನೆಲೆಸಿದರೂ ತಪ್ಪು.

ಹೆಗಲು ಮುಟ್ಟಿಕೊಳ್ಳುವ ಅಭ್ಯಾಸ ಖಾಕಿಯೊಳಗೂ ಹೋಗುತ್ತದೆ, ಅಲ್ಲಿ ಸಮವಸ್ತ್ರದ ಬಣ್ಣ ಬೇರೆಯಾದರೂ. ಬ್ರಿಟನ್ನಿನ ಪೊಲೀಸ್ ಇಲಾಖೆಯಲ್ಲಿರುವ ಜಿಪ್ಸಿ, ಅವರದೇ ಬಳಗದ ರೋಮಾ, ಟ್ರಾವೆಲರ್ ಮೂಲದವರು ಒಂದು ಸಂಘ ಕಟ್ಟಿಕೊಂಡಿದ್ದಾರೆ. ಅವರಲ್ಲಿ ಜೊತೆಯವರಿಗೆ ತಮ್ಮ ಮೂಲ ಹೇಳಿಕೊಳ್ಳದೆ ನೌಕರಿ ಮಾಡಿದವರಿದ್ದಾರೆ.

ನಮಗೆ ಇದು ದೂರದ ಕತೆಯಲ್ಲ. ಅದೇ ಸಾಮ್ರಾಜ್ಯ 1871ರಲ್ಲಿ ಇಲ್ಲಿ ‘ಅಪರಾಧಿ ಬುಡಕಟ್ಟು ಕಾಯಿದೆ’ ತಂದು, ಹುಟ್ಟನ್ನೇ ಅಪರಾಧವೆಂದು ದಾಖಲಿಸಿತು. ಹುಬ್ಬಳ್ಳಿಯಲ್ಲಿ ಅಂಥವರನ್ನು ಕೂಡಿಹಾಕಿದ ಜಾಗಕ್ಕೆ ಜನ ಈಗಲೂ ಸೆಟ್ಲಮೆಂಟ್ ಎನ್ನುತ್ತಾರೆ. ಕಾಯಿದೆ 1952ರ ಆಗಸ್ಟ್ 31ರಂದು ರದ್ದಾಯಿತು. ಸಂತೆಯಲ್ಲಿ ಜೇಬು ಕತ್ತರಿಸಿದರೆ ಪೊಲೀಸರು ಮೊದಲು ಯಾರ ಹಟ್ಟಿಗೆ ಹೋಗುತ್ತಾರೆ ಎಂಬುದನ್ನು ನಾನು ಬಿಡಿಸಿ ಹೇಳಬೇಕಿಲ್ಲ.

ಆ ಸಾಮ್ರಾಜ್ಯದ ಹಂಗಿಲ್ಲದ ಸ್ವೀಡನ್ನಿನಲ್ಲೂ 2013ರಲ್ಲಿ ಪತ್ರಿಕೆಯೊಂದು ಸ್ಕೋನೆ ಪ್ರಾಂತ್ಯದ ಪೊಲೀಸರ ಗುಪ್ತ ಪಟ್ಟಿಯನ್ನು ಬಯಲಿಗೆಳೆಯಿತು. ನಾಲ್ಕು ಸಾವಿರಕ್ಕೂ ಹೆಚ್ಚು ಹೆಸರು, ಬಹುಪಾಲು ರೋಮಾಗಳದು. ಎಳೆಮಕ್ಕಳ ಹೆಸರೂ ಇದ್ದವು, ಸತ್ತವರವೂ. ಪಟ್ಟಿ ಸೇರಲು ಅಪರಾಧ ಬೇಕಿರಲಿಲ್ಲ, ಯಾರ ಮಗ, ಯಾರ ಸೊಸೆ ಎಂಬುದು ಸಾಕಿತ್ತು. ಸರಕಾರ ತಲೆಗೆ 5,000 ಕ್ರೋನರ್ ಪರಿಹಾರ ಕೊಟ್ಟಿತು. ಹನ್ನೊಂದು ಮಂದಿ ಅಷ್ಟಕ್ಕೇ ಒಪ್ಪದೆ ಕೋರ್ಟಿಗೆ ಹೋದರು. ಹುಟ್ಟನ್ನು ನೋಡಿಯೇ ಹೆಸರು ಸೇರಿಸಲಾಗಿದೆ ಎಂದು ನ್ಯಾಯಾಲಯ ಹೇಳಿತು. 2017ರಲ್ಲಿ ಮೇಲ್ಮನವಿಯಲ್ಲೂ ಅದೇ ನಿಂತಿತು.

ಮತ್ತೆ ಇಂಗ್ಲೆಂಡಿಗೆ ಬಂದರೆ, ಅಲ್ಲಿನ ಹೈಕೋರ್ಟು 2024ರ ಮೇನಲ್ಲಿ 2022ರ ಆ ಹೊಸ ಕಾಯಿದೆಯ ಒಂದು ಎಳೆಯನ್ನು ಹಿಡಿದು ನೋಡಿತು. ಎಬ್ಬಿಸಿದ ಜಾಗಕ್ಕೆ ಮರಳಬಾರದೆಂಬ ಅವಧಿ ಮೂರು ತಿಂಗಳಿದ್ದದ್ದು ಹನ್ನೆರಡಕ್ಕೆ ಏರಿತ್ತು. ಹೋಗಿ ನಿಲ್ಲಲು ತಂಗುದಾಣಗಳೇ ಸಾಲದಿರುವಾಗ ಇದು ಜಿಪ್ಸಿ, ಟ್ರಾವೆಲರ್‌ಗಳ ವಿರುದ್ಧದ ತಾರತಮ್ಯ ಎಂದಿತು ತೀರ್ಪು. ಅಂಥ ಘೋಷಣೆಯಿಂದ ಅಲ್ಲಿ ಕಾಯಿದೆ ತಾನಾಗಿ ಬಿದ್ದುಹೋಗುವುದಿಲ್ಲ. ತಿದ್ದಬೇಕಾದದ್ದು ಪಾರ್ಲಿಮೆಂಟು, ಜಾಗ ಗುರುತಿಸಬೇಕಾದದ್ದು ಕೌನ್ಸಿಲ್‌ಗಳು.