ಒಳಗಿನ ಚಿಲಕ

ಹೆಬ್ಬಾಳ ದಾಟಿ ಯಲಹಂಕದ ಕಡೆಗೆ ಹೊರಟರೆ ಸಹಕಾರನಗರದ ಆಸುಪಾಸಿನಲ್ಲಿ ಕೊಡಿಗೇಹಳ್ಳಿ ಸಿಗುತ್ತದೆ. ಹೆಸರಿಗಷ್ಟೇ ಹಳ್ಳಿ. ಅಲ್ಲಿಯ ಟಾಟಾನಗರದ ಎನ್‌ಟಿಐ ಬಡಾವಣೆಯಲ್ಲಿ ಆಧಾರ್ ಪ್ರಾಧಿಕಾರದ ತಂತ್ರಜ್ಞಾನ ಕೇಂದ್ರವಿದೆ. ದೇಶದ ನೂರು ಕೋಟಿಗೂ ಮೀರಿದ ಜನರ ಬೆರಳ ಗುರುತು, ಕಣ್ಣಿನ ಪಾಪೆ, ಮುಖಚಿತ್ರಗಳನ್ನು ಕಾಪಿಡುವ ದತ್ತಾಂಶ ಕೇಂದ್ರಗಳು ಎರಡು. ಒಂದು ಹರಿಯಾಣದ ಮಾನೇಸರ್‌ನಲ್ಲಿ, ಇನ್ನೊಂದು ನಮ್ಮ ಹೆಬ್ಬಾಳದಲ್ಲಿ. ಆರ್.ಟಿ. ನಗರದಲ್ಲಿ ಕೂತು ಇದನ್ನು ಬರೆಯುತ್ತಿರುವ ನನಗೆ ಒಮ್ಮೊಮ್ಮೆ ನಗು ಬರುತ್ತದೆ. ನನ್ನ ಹೆಬ್ಬೆಟ್ಟು ನನ್ನ ಕೈಯಲ್ಲೂ ಇದೆ, ನಾಲ್ಕಾರು ಕಿಲೋಮೀಟರ್ ಆಚೆಗೂ ಇದೆ.

ಆ ದತ್ತಾಂಶ ಎಷ್ಟು ಭದ್ರ ಎಂದು 2018ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟು ಕೇಳಿದಾಗ, ಆಗಿನ ಅಟಾರ್ನಿ ಜನರಲ್ ಕೆ.ಕೆ. ವೇಣುಗೋಪಾಲ್ ಅವರು ಹದಿಮೂರು ಅಡಿ ಎತ್ತರದ, ಐದು ಅಡಿ ದಪ್ಪದ ಗೋಡೆಗಳ ಹಿಂದೆ ಅದು ಸುರಕ್ಷಿತವಾಗಿದೆ ಎಂದರು. ಕೋಟೆ ಕಟ್ಟಿದ ಕಾಲದ ಮಾತು! ಕಂಪ್ಯೂಟರಿನ ಕಳ್ಳ ಗೋಡೆ ಹಾರಿ ಬರುತ್ತಾನೆಯೆ ಎಂದು ದೇಶವೆಲ್ಲ ನಕ್ಕಿತು. ನನಗೆ ಮಾತ್ರ ಗೋಡೆಗಿಂತ ಬೇರೆಯದೇ ಒಂದು ಪ್ರಶ್ನೆ ಕಾಡುತ್ತದೆ. ಅದು ಚಿಲಕದ ಪ್ರಶ್ನೆ. ಗೋಡೆ ಎಷ್ಟೇ ದಪ್ಪವಿರಲಿ, ಬಾಗಿಲ ಚಿಲಕ ಒಳಗಿದೆಯೊ ಹೊರಗಿದೆಯೊ? ಚಿಲಕ ಒಳಗಿದ್ದರೆ ಅದು ಕೋಣೆ, ಹೊರಗಿದ್ದರೆ ಸೆರೆಮನೆ.

ಈ ವಿಷಯ ಎತ್ತಿದರೆ ಸಾಕು, ಎದುರಿಗಿದ್ದವರು ಒಂದೇ ಮಾತು ಹೇಳುತ್ತಾರೆ. 'ನಾವೇನು ಕಳ್ಳರೆ? ತಪ್ಪು ಮಾಡದವರಿಗೆ ಭಯವೇಕೆ? ಮುಚ್ಚಿಡುವುದೇನಿದೆ?' ಗಂಡಸರು ಹೇಳಿದರೆ ಸುಮ್ಮನಿರುತ್ತೇನೆ. ಹೆಂಗಸರೂ ಹೇಳಿದಾಗ ಆಶ್ಚರ್ಯವಾಗುತ್ತದೆ. ಮುಚ್ಚಿಡುವುದರ ಬೆಲೆ ನಮ್ಮಷ್ಟು ಬಲ್ಲವರು ಇನ್ನಾರಿದ್ದಾರೆ?

ಸಾಸಿವೆ ಡಬ್ಬಿಯನ್ನೇ ನೋಡಿ. ನಮ್ಮ ಅಜ್ಜಿಯಂದಿರ ಕಾಲದಿಂದ ಅದರ ತಳದಲ್ಲಿ ಮಡಿಸಿಟ್ಟ ನೋಟುಗಳಿರುತ್ತಿದ್ದವು. ತರಕಾರಿಯಲ್ಲಿ ಉಳಿಸಿದ್ದು, ಹಾಲಿನ ಲೆಕ್ಕದಲ್ಲಿ ಮಿಕ್ಕಿದ್ದು, ತವರಿನವರು ಕುಂಕುಮಕ್ಕೆಂದು ಕೈಗಿತ್ತದ್ದು. ಅದು ಕಳ್ಳತನವೆ? ಗಂಡ ಕುಡುಕನಾದರೆ ಮಕ್ಕಳ ಶಾಲೆಯ ಫೀಸು ಅಲ್ಲಿಂದಲೇ ಹೋಗುತ್ತಿತ್ತು. ಗಂಡ ಒಳ್ಳೆಯವನೇ ಆದರೂ, ತಂಗಿಯ ಬಾಣಂತನಕ್ಕೆ ನೂರು ರೂಪಾಯಿ ಕೊಡಲು ಯಾರ ಮುಖವನ್ನೂ ನೋಡಬೇಕಾಗಿರಲಿಲ್ಲ. 2016ರ ನವೆಂಬರ್ 8ರ ರಾತ್ರಿ ಐನೂರು, ಸಾವಿರದ ನೋಟುಗಳು ರದ್ದಾದಾಗ ಎಷ್ಟೋ ಮನೆಗಳಲ್ಲಿ ಆ ಡಬ್ಬಿಗಳು ಮೊದಲ ಬಾರಿಗೆ ನಡುಮನೆಗೆ ಬಂದವು. ಗಂಡಂದಿರು ನಕ್ಕರು, ಪತ್ರಿಕೆಗಳಲ್ಲಿ ವ್ಯಂಗ್ಯಚಿತ್ರಗಳು ಬಂದವು. ದುಡ್ಡು ಬ್ಯಾಂಕಿಗೆ ಹೋಯಿತು, ಕಳೆದುಹೋಗಲಿಲ್ಲ, ನಿಜ. ಆದರೆ ಆ ಹೆಂಗಸರು ಕಳೆದುಕೊಂಡದ್ದು ದುಡ್ಡನ್ನಲ್ಲ. ತಮ್ಮ ಬಳಿ ಎಷ್ಟಿದೆ ಎಂದು ತಮಗೊಬ್ಬರಿಗೇ ಗೊತ್ತಿರುವ ಒಂದು ಸಣ್ಣ ನೆಮ್ಮದಿಯನ್ನು.

ಕಾಗದಗಳ ಕತೆಯೂ ಇದೇ. ನೀಲಿ ಇನ್‌ಲ್ಯಾಂಡ್ ಪತ್ರ ಬಂದರೆ ಹೊಸ ಸೊಸೆಯ ಕೈ ಸೇರುವ ಮೊದಲು ಮನೆಯಲ್ಲಿ ಎರಡು ಮೂರು ಜೊತೆ ಕಣ್ಣುಗಳು ಅದನ್ನು ಓದಿರುತ್ತಿದ್ದವು. ಅನ್ನದ ಅಗುಳಿನಿಂದ ಮತ್ತೆ ಅಂಟಿಸಿಟ್ಟದ್ದು ಅವಳಿಗೂ ಗೊತ್ತಾಗುತ್ತಿತ್ತು. ಅಂಟಿಸಿದವರಿಗೂ ಅವಳಿಗೆ ಗೊತ್ತಾಗಿದೆಯೆಂದು ಗೊತ್ತಿರುತ್ತಿತ್ತು. ಹೀಗಾಗಿ ಎಷ್ಟೋ ಹುಡುಗಿಯರು ತವರಿಗೆ 'ಇಲ್ಲಿ ಎಲ್ಲರೂ ಕ್ಷೇಮ, ಚಿಂತೆ ಮಾಡಬೇಡಿ' ಎಂದಷ್ಟೇ ಬರೆದರು. ಯಾರೂ ಅವರ ಕೈ ಹಿಡಿದು ತಡೆದಿರಲಿಲ್ಲ. ಓದುವ ಕಣ್ಣೊಂದು ಇದೆಯೆಂಬ ಅರಿವೇ ಸಾಕಾಗಿತ್ತು. ಕಣ್ಗಾವಲಿನ ಶಕ್ತಿ ಇರುವುದು ಅಲ್ಲಿ. ಅದು ಹಿಡಿಯುವುದು ಕಳ್ಳರನ್ನು ಮಾತ್ರವಲ್ಲ, ನಿಜ ಹೇಳಬೇಕೆಂದುಕೊಂಡವಳ ನಾಲಿಗೆಯನ್ನೂ.

ಸರ್ಕಾರ ಕದ್ದು ಕೇಳುವುದು ನಮ್ಮ ರಾಜ್ಯಕ್ಕೆ ಹೊಸದಲ್ಲ. ದೂರವಾಣಿ ಕದ್ದಾಲಿಕೆಯ ಗದ್ದಲದಲ್ಲಿ 1988ರ ಆಗಸ್ಟ್‌ನಲ್ಲಿ ರಾಮಕೃಷ್ಣ ಹೆಗಡೆಯವರು ಮುಖ್ಯಮಂತ್ರಿ ಸ್ಥಾನವನ್ನೇ ಬಿಟ್ಟರು. ಆಗ ಅದು ದೊಡ್ಡವರ ಜಗಳ ಎನಿಸಿತ್ತು. ನಮ್ಮ ಬೀದಿಯಲ್ಲಿ ಫೋನ್ ಇದ್ದ ಮನೆಗಳೇ ಎರಡೋ ಮೂರೋ.

ಆದರೆ ಅದಕ್ಕೂ ಹಿಂದೆ, ಉತ್ತರ ಪ್ರದೇಶದ ಸಾಮಾನ್ಯ ಮನುಷ್ಯನೊಬ್ಬನ ಮೊಕದ್ದಮೆಯಿದೆ. ಹೆಸರು ಖರಕ್ ಸಿಂಗ್. ಡಕಾಯಿತಿಯ ಆರೋಪದ ಮೇಲೆ ಹಿಡಿದು, ಸಾಕ್ಷ್ಯವಿಲ್ಲವೆಂದು ಬಿಟ್ಟರು. ಬಿಟ್ಟ ಮೇಲೂ ಪೊಲೀಸರ ಪುಸ್ತಕದಲ್ಲಿ ಅವನ ಹೆಸರು ಉಳಿಯಿತು. ರಾತ್ರಿ ಹೊತ್ತು ಚೌಕೀದಾರರೂ ಪೇದೆಗಳೂ ಬಂದು ಬಾಗಿಲು ಬಡಿದು, ಕೂಗಿ, ನಿದ್ದೆಯಿಂದ ಎಬ್ಬಿಸಿ, ಇದ್ದಾನೆಯೆ ಎಂದು ನೋಡಿ ಹೋಗುತ್ತಿದ್ದರು. 1962ರಲ್ಲಿ ಸುಪ್ರೀಂ ಕೋರ್ಟು ಆ ರಾತ್ರಿಯ ಭೇಟಿಗಳನ್ನು ನಿಲ್ಲಿಸಿತು, ಆದರೆ ಖಾಸಗಿತನ ಎಂಬ ಮೂಲಭೂತ ಹಕ್ಕು ನಮ್ಮ ಸಂವಿಧಾನದಲ್ಲಿಲ್ಲ ಎಂದೂ ಬಹುಮತದ ನ್ಯಾಯಮೂರ್ತಿಗಳು ಬರೆದರು. ಒಪ್ಪದೆ ಬೇರೆ ತೀರ್ಪು ಬರೆದವರಲ್ಲಿ ಸುಬ್ಬರಾವ್ ಒಬ್ಬರು. ಆ ಮನೆಯಲ್ಲಿ ಹೆಂಡತಿಯೊ ತಾಯಿಯೊ ಇದ್ದಿದ್ದರೆ, ಪ್ರತಿ ರಾತ್ರಿ ಆ ಬಡಿತಕ್ಕೆ ಅವಳೂ ಎದ್ದು ಸೆರಗು ಸರಿಮಾಡಿಕೊಂಡಿರಬೇಕಲ್ಲ ಎಂದು ನನಗೆ ಅನಿಸುತ್ತದೆ. ಪೊಲೀಸರ ಪುಸ್ತಕದಲ್ಲಿ ಹೆಸರಿಲ್ಲದವರ ನಿದ್ದೆಯೂ ಅಲ್ಲಿ ಕೆಡುತ್ತಿತ್ತು.

ಅರ್ಧ ಶತಮಾನ ಕಳೆದ ಮೇಲೆ ಈ ಮಾತನ್ನು ಮತ್ತೆ ಕೋರ್ಟಿಗೆ ಒಯ್ದವರು ನಮ್ಮವರೇ ಆದ ಒಬ್ಬ ಹಿರಿಯರು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. 1926ರಲ್ಲಿ ಹುಟ್ಟಿದವರು, 2012ರಲ್ಲಿ ಅರ್ಜಿ ಹಾಕುವಾಗ ಎಂಬತ್ತಾರು ವರ್ಷ. ಮೊಮ್ಮಕ್ಕಳಿಗೆ ಕತೆ ಹೇಳುತ್ತ ಕೂರಬಹುದಾದ ವಯಸ್ಸು. ಅವರ ಆಕ್ಷೇಪಣೆ ಸರಳವಾಗಿತ್ತು. 2010ರ ಸೆಪ್ಟೆಂಬರ್‌ನಲ್ಲಿ ಮಹಾರಾಷ್ಟ್ರದ ತೆಂಭಲಿಯ ರಂಜನಾ ಸೋನವಣೆ ಎಂಬ ಹೆಣ್ಣುಮಗಳಿಗೆ ಮೊದಲ ಆಧಾರ್ ಕೊಟ್ಟಾಗಿನಿಂದ ಕೋಟ್ಯಂತರ ಜನರ ಬೆರಳಚ್ಚು ತೆಗೆದುಕೊಳ್ಳುತ್ತಿದ್ದೀರಿ, ಪಾರ್ಲಿಮೆಂಟು ಇದಕ್ಕೊಂದು ಕಾನೂನನ್ನೇ ಮಾಡಿಲ್ಲವಲ್ಲ ಎಂದು. ಕಾನೂನು ಬಂದದ್ದು 2016ರಲ್ಲಿ. ಸರ್ಕಾರದ ವಕೀಲರು ಖರಕ್ ಸಿಂಗ್ ಪ್ರಕರಣವನ್ನೂ, ಎಂಟು ನ್ಯಾಯಮೂರ್ತಿಗಳ 1954ರ ಇನ್ನೊಂದು ತೀರ್ಪನ್ನೂ ತೋರಿಸಿ, ಅಂಥ ಹಕ್ಕೇ ಇಲ್ಲ ಎಂದು ವಾದಿಸಿದರು. ಎಂಟು ಜನ ಹೇಳಿದ್ದನ್ನು ಬದಲಿಸಲು ಒಂಬತ್ತು ಜನ ಬೇಕು. ಒಂಬತ್ತು ಜನ ಕೂತರು. 2017ರ ಆಗಸ್ಟ್ 24ರಂದು ಒಬ್ಬರೂ ಭಿನ್ನ ಧ್ವನಿ ಎತ್ತದೆ, ಖಾಸಗಿತನ ಮೂಲಭೂತ ಹಕ್ಕು ಎಂದರು.

ಮರುವರ್ಷ ಸೆಪ್ಟೆಂಬರ್ 26ರಂದು ಆಧಾರ್ ಕಾನೂನು ಮಾತ್ರ ನಾಲ್ಕು ಮತಕ್ಕೆ ಒಂದರಂತೆ ಉಳಿದುಕೊಂಡಿತು. ಬ್ಯಾಂಕಿಗೂ ಮೊಬೈಲ್ ಕಂಪನಿಗೂ ಕಡ್ಡಾಯವಾಗಿ ಜೋಡಿಸಬೇಕಾಗಿಲ್ಲ, ಸರ್ಕಾರದ ಸಹಾಯಧನಕ್ಕೆ ಬೇಕು ಎಂದಾಯಿತು. ಪುಟ್ಟಸ್ವಾಮಿಯವರು ಪ್ರಶ್ನೆಯನ್ನು ಗೆದ್ದರು, ಮೊಕದ್ದಮೆಯನ್ನು ಅರ್ಧ ಸೋತರು ಎನ್ನಬಹುದೇನೊ. 2024ರ ಅಕ್ಟೋಬರ್ 28ರಂದು ಬೆಂಗಳೂರಿನಲ್ಲಿ ತೀರಿಕೊಂಡಾಗ ಅವರಿಗೆ ತೊಂಬತ್ತೆಂಟು.

ಆ 2017ರ ತೀರ್ಪಿನಲ್ಲಿ ಹೆಂಗಸರು ಗಮನಿಸಬೇಕಾದ ಒಂದು ಮಾತಿದೆ. 'ಇದು ನಮ್ಮ ಮನೆಯೊಳಗಿನ ವಿಷಯ, ನೀವ್ಯಾರು ಕೇಳಲು?' ಎಂದು ಹೆಂಡತಿಯನ್ನು ಹೊಡೆದವನು ಬಾಗಿಲಲ್ಲಿ ನಿಂತು ಹೇಳುತ್ತಾನಲ್ಲ, ಅದೂ ಖಾಸಗಿತನದ ಹೆಸರಿನಲ್ಲೇ. ಖಾಸಗಿತನ ಗಂಡಾಳಿಕೆಗೆ ಮುಸುಕಾಗಬಾರದು ಎಂಬ ಎಚ್ಚರ ಆ ತೀರ್ಪಿನಲ್ಲಿದೆ. ಚಿಲಕ ಹಾಕುವ ಹಕ್ಕು ಮನೆಗಲ್ಲ, ಮನುಷ್ಯರಿಗೆ. ಬಾಗಿಲು ತೆರೆದು ಹೊರಗೆ ಓಡುವ ಹಕ್ಕೂ ಅದರಲ್ಲೇ ಸೇರಿದೆ.

ಇನ್ನು ಹ್ಯಾಕರ್‌ಗಳ ಮಾತು. ಪತ್ರಿಕೆಗಳಲ್ಲಿ ಈ ಪದ ಬಂದರೆ ಕಳ್ಳ ಎಂದೇ ಅರ್ಥ. ನಮ್ಮ ದುಡ್ಡು ಲಪಟಾಯಿಸುವ ಕಳ್ಳರು ಇದ್ದಾರೆ, ಇಲ್ಲವೆನ್ನುವುದಿಲ್ಲ. ಆದರೆ 'ನಿಮ್ಮ ಬೀಗ ಸರಿಯಿಲ್ಲ' ಎಂದು ಬೀದಿಯಲ್ಲಿ ನಿಂತು ಕೂಗುವವರೂ ಇದ್ದಾರೆ. 2017ರ ಮೇ ತಿಂಗಳಲ್ಲಿ ಬೆಂಗಳೂರಿನ ಸೆಂಟರ್ ಫಾರ್ ಇಂಟರ್‌ನೆಟ್ ಅಂಡ್ ಸೊಸೈಟಿ ಒಂದು ವರದಿ ಪ್ರಕಟಿಸಿತು. ಸರ್ಕಾರಿ ಜಾಲತಾಣಗಳೇ ಸುಮಾರು 13 ಕೋಟಿ ಜನರ ಆಧಾರ್ ಸಂಖ್ಯೆಗಳನ್ನು ಯಾರು ಬೇಕಾದರೂ ನೋಡುವಂತೆ ತೆರೆದಿಟ್ಟಿವೆ ಎಂದು ತೋರಿಸಿತು. ಪಿಂಚಣಿ ಪಡೆಯುವ ಮುದುಕಿಯರು, ಉದ್ಯೋಗ ಖಾತ್ರಿಯಲ್ಲಿ ಮಣ್ಣು ಹೊರುವ ಹೆಂಗಸರು ಅವರಲ್ಲಿದ್ದರು. ಪ್ರಾಧಿಕಾರ ವಿವರಣೆ ಕೇಳಿ ಪತ್ರ ಬರೆದದ್ದು ಆ ಸಂಸ್ಥೆಗೆ! ಮರುವರ್ಷ ಜನವರಿಯಲ್ಲಿ ಟ್ರಿಬ್ಯೂನ್ ಪತ್ರಿಕೆಯ ವರದಿಗಾರ್ತಿ ರಚನಾ ಖೈರಾ, ಐನೂರು ರೂಪಾಯಿ ಕೊಟ್ಟರೆ ಹತ್ತು ನಿಮಿಷದಲ್ಲಿ ಯಾರ ಹೆಸರು, ವಿಳಾಸ, ಫೋಟೊ ಬೇಕಾದರೂ ಸಿಗುತ್ತದೆ ಎಂದು ಬರೆದರು. ಬೆರಳಚ್ಚು ಸೋರಿಲ್ಲ ಎಂದ ಪ್ರಾಧಿಕಾರ ಪೊಲೀಸರಿಗೆ ಕೊಟ್ಟ ದೂರಿನಲ್ಲಿ ಅವರ ಹೆಸರೂ ಇತ್ತು. ಬೀಗ ಮುರಿದಿದೆ ಎಂದವಳನ್ನೇ ಠಾಣೆಗೆ ಕರೆಯುವುದು ನಮಗೆ ಹೊಸ ರೂಢಿಯೇನಲ್ಲ.

ಬೀಗ ತೆಗೆದು ತೋರಿಸುವುದು ಸರಿಯೆ ಎಂದು ಕೇಳಿದರೆ ನನ್ನ ಉತ್ತರ ಹೀಗೆ. ಒಳಗಿನ ಒಡವೆ ಮುಟ್ಟದೆ, ಅಕ್ಕಪಕ್ಕದವರನ್ನು ಎಚ್ಚರಿಸಿದರೆ ಸರಿ. 2020ರಲ್ಲಿ ಆರೋಗ್ಯ ಸೇತು ಆ್ಯಪ್ ಬಂದು, ನೌಕರರೆಲ್ಲ ಅದನ್ನು ಹಾಕಿಕೊಳ್ಳಲೇಬೇಕು ಎಂಬ ಆದೇಶ ಹೊರಟಾಗ, ಬೆಂಗಳೂರಿನ ಒಬ್ಬ ಪ್ರೋಗ್ರಾಮರ್ ಕೆಲವೇ ಗಂಟೆಗಳಲ್ಲಿ ಅದನ್ನು ಬಿಚ್ಚಿ, ಹೆಸರು, ಫೋನು, ಇರುವ ಜಾಗ ಏನನ್ನೂ ಕೊಡದೆ ಹಸಿರು ಗುರುತು ತೋರುವಂತೆ ಮಾಡಿದ. ಜಾಣತನವೇ. ಆದರೆ ಅದು ಸೋಂಕಿನ ಕಾಲ. ತನ್ನ ಫೋನಿಗೆ ಮಾತ್ರ ಹಸಿರು ಹಚ್ಚಿಕೊಂಡರೆ ಪಕ್ಕದಲ್ಲಿ ಕೂತವರ ಗತಿ? ನನಗೆ ಹೆಚ್ಚು ಹಿಡಿಸಿದ್ದು ಇದೇ ಊರಿನ ಇನ್ನೊಬ್ಬ ತಂತ್ರಜ್ಞ ಅನಿವರ್ ಅರವಿಂದ್ ಹಿಡಿದ ದಾರಿ. ಅವರು ಕರ್ನಾಟಕ ಹೈಕೋರ್ಟಿಗೆ ಹೋದರು. ಆ್ಯಪ್ ಇಲ್ಲವೆಂಬ ಕಾರಣಕ್ಕೆ ಸರ್ಕಾರ ಯಾವ ಸೇವೆಯನ್ನೂ ನಿರಾಕರಿಸುವಂತಿಲ್ಲ ಎಂದು 2020ರ ಅಕ್ಟೋಬರ್‌ನಲ್ಲಿ, ಒಪ್ಪಿಗೆಯಿಲ್ಲದೆ ಅದರ ವಿವರಗಳನ್ನು ಹಂಚುವಂತಿಲ್ಲ ಎಂದು 2021ರ ಜನವರಿಯಲ್ಲಿ ಮಧ್ಯಂತರ ಆದೇಶಗಳು ಬಂದವು. ಒಬ್ಬರ ಚಿಲಕವನ್ನಲ್ಲ, ಎಲ್ಲರ ಚಿಲಕವನ್ನೂ ರಿಪೇರಿ ಮಾಡುವ ಕೆಲಸ ಅದು.

ಅದೇ 2020ರ ಮಾರ್ಚ್ ಕೊನೆಯಲ್ಲಿ ನಮ್ಮ ರಾಜ್ಯ ಸರ್ಕಾರ ಮನೆಯಲ್ಲೇ ಕ್ವಾರಂಟೈನ್ ಆದವರು ಗಂಟೆಗೊಂದು ಸೆಲ್ಫಿ ಕಳಿಸಬೇಕೆಂದು ಹೇಳಿತು. ರಾತ್ರಿ ಹತ್ತರಿಂದ ಬೆಳಗಿನ ಏಳರವರೆಗೆ ಮಾತ್ರ ವಿನಾಯಿತಿ. ಮಗುವಿಗೆ ಹಾಲೂಡಿಸುವವಳು, ತಲೆಗೆ ನೀರು ಹಾಕಿಕೊಂಡವಳು, ಎಲ್ಲರೂ. ಆ ಫೋಟೊಗಳನ್ನು ಯಾರು ನೋಡಿದರು, ಆಮೇಲೆ ಅವು ಎಲ್ಲಿಗೆ ಹೋದವು ಎಂದು ಎಷ್ಟು ಜನ ಕೇಳಿದೆವು?

ರಕ್ಷಣೆ ಬೇಡವೆಂದು ಯಾರೂ ಹೇಳುವುದಿಲ್ಲ. ಬೆಂಗಳೂರಿನ ಸೇಫ್ ಸಿಟಿ ಯೋಜನೆಯಲ್ಲಿ ಏಳು ಸಾವಿರಕ್ಕೂ ಹೆಚ್ಚು ಕ್ಯಾಮೆರಾಗಳು ನಿಂತಿವೆ, ಹಣ ಬಂದದ್ದು ನಿರ್ಭಯಾ ನಿಧಿಯಿಂದ. ಅಂದರೆ ನಮ್ಮ ಹೆಸರಿನಲ್ಲಿ. ಮುಸ್ಸಂಜೆ ಮೀರಿ ಹೆಬ್ಬಾಳದ ಮೇಲ್ಸೇತುವೆಯ ಕೆಳಗೆ ಬಸ್ಸಿಗೆ ಕಾಯುವ ಹುಡುಗಿಗೆ ಕ್ಯಾಮೆರಾ ಒಂದಿಷ್ಟು ಧೈರ್ಯ ಕೊಡಬಹುದು. ಬೀದಿದೀಪ ಇನ್ನೂ ಹೆಚ್ಚು ಕೊಡುತ್ತದೆ ಎಂಬುದು ನನ್ನ ಅಭಿಪ್ರಾಯ. ಆದರೆ ಅದೇ ಹುಡುಗಿ ಯಾರ ಜೊತೆ ನಿಂತಿದ್ದಳು ಎಂದು ಊರಿನ ಅಪ್ಪನಿಗೋ ಅಣ್ಣನಿಗೋ ತಿಳಿಸುವ ಕೈ ಆ ಪರದೆಯ ಹಿಂದೆ ಇಲ್ಲವೆಂದು ಹೇಗೆ ನಂಬುವುದು? ಕಾಯುವ ಕಣ್ಣು ಬೇರೆ, ಕಾವಲಿನ ಕಣ್ಣು ಬೇರೆ. ಅದು ನಮಗೆ ಹನ್ನೆರಡನೆಯ ವಯಸ್ಸಿನಿಂದಲೇ ಗೊತ್ತು. ಮಾಹಿತಿ ರಕ್ಷಣೆಗೆಂದು 2023ರಲ್ಲಿ ಕಾನೂನು ಬಂದಿದೆ, 2025ರ ನವೆಂಬರ್‌ನಲ್ಲಿ ಅದರ ನಿಯಮಗಳೂ ಬಂದಿವೆ. ಅಂಗಡಿಯವರಿಗೆ, ಕಂಪನಿಗಳಿಗೆ ಕಟ್ಟುಪಾಡುಗಳಿವೆ. ತನ್ನದೇ ಸಂಸ್ಥೆಗಳಿಗೆ ವಿನಾಯಿತಿ ಕೊಟ್ಟುಕೊಳ್ಳುವ ಅಧಿಕಾರವನ್ನು ಮಾತ್ರ ಕೇಂದ್ರ ಸರ್ಕಾರ ಇಟ್ಟುಕೊಂಡಿದೆ.

ಇನ್ನೊಂದು ಮಗ್ಗುಲನ್ನೂ ಹೇಳದಿದ್ದರೆ ಅನ್ಯಾಯವಾದೀತು. ನಮ್ಮ ಕಟ್ಟಡದಲ್ಲಿ ನಾಲ್ಕು ಮನೆಗಳ ಪಾತ್ರೆ ತಿಕ್ಕುವಾಕೆಗೆ ಆಧಾರ್ ಎಂದರೆ ಗೃಹಲಕ್ಷ್ಮಿಯ ಎರಡು ಸಾವಿರ, ತನ್ನದೇ ಹೆಸರಿನ ಬ್ಯಾಂಕ್ ಖಾತೆ, ಗಂಡನಿಗೆ ಕಾಣದ ದುಡ್ಡು. ಹೊಸ ಸಾಸಿವೆ ಡಬ್ಬಿ ಎನ್ನಿ. ನನ್ನ ವಾದಗಳನ್ನೆಲ್ಲ ಅವಳ ಮುಂದೆ ಇಟ್ಟರೆ ನಕ್ಕಾಳು. ಆದರೆ ಪಡಿತರದ ಅಂಗಡಿಯಲ್ಲಿ ಯಂತ್ರ ಅವಳ ಬೆರಳನ್ನು ಎಷ್ಟೋ ಸಲ ಒಪ್ಪುವುದಿಲ್ಲ. ಸೋಪಿನ ಪುಡಿ, ಬೂದಿ, ತಂತಿನಾರು ಸೇರಿ ಗೆರೆಗಳನ್ನು ಸವೆಸಿಬಿಟ್ಟಿವೆ. 'ಕೈ ಒರೆಸಿ ಇನ್ನೊಂದ್ಸಲ ಇಡಮ್ಮ' ಎನ್ನುತ್ತಾರಂತೆ. ದುಡಿದ ಕೈಯೇ ಅವಳು ಅವಳಲ್ಲ ಎಂದು ಸಾಕ್ಷಿ ಹೇಳುತ್ತದೆ.

ಅವಳನ್ನು ನೋಡುವ ಕಣ್ಣು ಬರೀ ಸರ್ಕಾರದ್ದೂ ಅಲ್ಲ. ಉತ್ತರ ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ಕೆಲಸದವಳು ಗೇಟು ದಾಟಿದರೆ ಮನೆಯೊಡತಿಯ ಫೋನು ಗುಂಯ್ಗುಡುತ್ತದೆ. ಎಷ್ಟು ಗಂಟೆಗೆ ಬಂದಳು, ಎಷ್ಟಕ್ಕೆ ಹೋದಳು, ಯಾವ ಯಾವ ಮನೆಗೆ ಹೊಕ್ಕಳು, ಎಲ್ಲ ದಾಖಲೆ. ನಾವು ಎಷ್ಟು ಗಂಟೆಗೆ ಬಂದೆವೆಂದು ಅವಳ ಫೋನಿಗೆ ಸುದ್ದಿ ಹೋಗುವುದಿಲ್ಲ. ಹೋದ ತಿಂಗಳು ನಮ್ಮ ಕಟ್ಟಡದ ಸಂಘದಲ್ಲಿ ಮೆಟ್ಟಿಲ ಕೆಳಗೊಂದು ಕ್ಯಾಮೆರಾ ಇಡುವ ಮಾತು ಬಂತು. ಕೆಲಸದ ಹೆಂಗಸರು ಮಧ್ಯಾಹ್ನ ಡಬ್ಬಿ ಬಿಚ್ಚಿ ಉಣ್ಣುವ ಜಾಗ ಅದು. ಸೀರೆ ಸಡಿಲಿಸಿ ಹತ್ತು ನಿಮಿಷ ಒರಗುವುದೂ ಅಲ್ಲಿಯೇ. ಅವರನ್ನು ಒಂದು ಮಾತು ಕೇಳೋಣ ಎಂದೆ. 'ಅವರೇನು ಮುಚ್ಚಿಡುವುದಿದೆ?' ಎಂದರು ಕಾರ್ಯದರ್ಶಿಗಳು. ಮೇಲಿನ ಮನೆಯ ಅಜ್ಜಿ ಮಾತ್ರ, 'ಹಾಗಾದರೆ ಮೊದಲು ನಿಮ್ಮ ಅಡುಗೆಮನೆಯಲ್ಲಿ ಇಡಿಸಿ, ಆಮೇಲೆ ಅಲ್ಲಿಗೆ ಹೋಗೋಣ' ಎಂದರು. ವಿಷಯವನ್ನು ಮುಂದಿನ ಸಭೆಗೆ ಹಾಕಿದ್ದಾರೆ.