ಬೀಗದ ಕೈ ಯಾರ ಹತ್ತಿರವಿತ್ತು?



ಒಂದು ರಾತ್ರಿ ನಮ್ಮ ಧರ್ಮಕೇಂದ್ರದ ಒಬ್ಬರು ದುಬೈಯಿಂದ ಫೋನ್ ಮಾಡಿದರು. ಅವರ ಹೆಂಡತಿ ಮಕ್ಕಳೂ ಅಲ್ಲಿಯೇ ಇದ್ದಾರೆ. ತಂದೆತಾಯಿ ತೀರಿಕೊಂಡ ಮೇಲೆ ಊರಿನ ಮನೆಗೆ ಬೀಗ. ಆ ಮನೆಗೆ ಹಿಂದಿನ ರಾತ್ರಿ ಕಳ್ಳರು ನುಗ್ಗಿದ್ದರು. ಅಡುಗೆಮನೆಯ ಹಂಚು ಸರಿಸಿ ಒಳಗಿಳಿದು, ಕಪಾಟು ಒಡೆದು, ತೀರಿಹೋದ ತಾಯಿಯ ಕರಿಮಣಿ ಸರವನ್ನೂ ಮಗಳು ಪ್ರಥಮ ಪರಮಪ್ರಸಾದದ ದಿನ ಧರಿಸಿದ್ದ ಚಿನ್ನದ ಸರವನ್ನೂ ಒಯ್ದಿದ್ದರು. ಸಮುದ್ರದಾಚೆ ಕುಳಿತ ಆ ಮನುಷ್ಯ ಅತ್ತರು. ಬಳಿಕ, “ಫಾದರ್, ಬೀಗದ ಕೈ ಪಕ್ಕದ ಮನೆಯ ಅಕ್ಕನ ಹತ್ತಿರವೇ ಇತ್ತಲ್ಲ?” ಎಂದರು.

ನಾನು ಸುಮ್ಮನಿದ್ದೆ. ಸುಮ್ಮನಿರಬಾರದಿತ್ತು.

ಆ ಮಾತು ಊರಿಡೀ ಹರಡಲು ಮೂರು ದಿನವೂ ಹಿಡಿಯಲಿಲ್ಲ. ಭಾನುವಾರ ಬಲಿಪೂಜೆಯ ನಂತರ ಆ ಅಕ್ಕ ಬಂದು, ಬೀಗದ ಕೈಗೊಂಚಲನ್ನು ನನ್ನ ಮೇಜಿನ ಮೇಲಿಟ್ಟರು. “ಇದು ಇನ್ನು ನನ್ನ ಹತ್ತಿರ ಬೇಡ ಫಾದರ್” ಎಂದಷ್ಟೇ ಹೇಳಿ ಹೋದರು. ಹಂಚು ಸರಿದದ್ದನ್ನು ಮೊದಲು ಕಂಡವರು ಅವರೇ. ಪೊಲೀಸ್ ಠಾಣೆಗೆ ಹೋಗಿ ದೂರು ಕೊಟ್ಟವರೂ ಅವರೇ.

ಪ್ರಿಯರೇ, ಪವಿತ್ರ ಗ್ರಂಥದಲ್ಲಿ ಇಂಥದೇ ಒಂದು ಪ್ರಸಂಗವಿದೆ. ಸಮುವೇಲನ ಮೊದಲನೆಯ ಗ್ರಂಥದ 30ನೇ ಅಧ್ಯಾಯವನ್ನು ಇಂದು ಮನೆಯಲ್ಲಿ ತೆರೆದು ಓದಿ. ಸೌಲನ ಭಯದಿಂದ ತಾಯ್ನಾಡು ಬಿಟ್ಟ ದಾವೀದ, ಫಿಲಿಷ್ಟಿಯರ ನಾಡಿನ ಚಿಕ್ಲಗ್ ಎಂಬ ಊರಿನಲ್ಲಿ ನೆಲೆಸಿದ್ದ. ಅವನೂ ಅವನ 600 ಮಂದಿಯೂ ಊರಲ್ಲಿಲ್ಲದ ಸಮಯ ನೋಡಿ ಅಮಾಲೇಕ್ಯರು ಬಂದು ಕೊಳ್ಳೆ ಹೊಡೆದು, ಊರಿಗೆ ಬೆಂಕಿಯಿಟ್ಟು, ಹೆಂಗಸರು ಮಕ್ಕಳನ್ನು ಹಿಡಿದೊಯ್ದರು. ಹಿಂತಿರುಗಿದ ಗಂಡಸರು ಅಳಲು ಶಕ್ತಿಯಿಲ್ಲದಾಗುವವರೆಗೆ ಅತ್ತರು. ಆಮೇಲೆ ಏನು ಮಾಡಿದರು ಗೊತ್ತೇ? ದಾವೀದನನ್ನೇ ಕಲ್ಲೆಸೆದು ಕೊಲ್ಲಬೇಕೆಂದು ಮಾತಾಡಿಕೊಂಡರು! ಅಮಾಲೇಕ್ಯರು ದೂರದಲ್ಲಿದ್ದರು, ದಾವೀದ ಹತ್ತಿರದಲ್ಲಿದ್ದ.

ನಮ್ಮ ಸಿಟ್ಟಿನ ಗುಣವೇ ಇದು. ಕಳ್ಳ ಕೈಗೆ ಸಿಕ್ಕುವುದಿಲ್ಲ. ಆದ್ದರಿಂದ ಕೈಗೆ ಸಿಕ್ಕವರ ಮೇಲೆ ನಾವು ಕಲ್ಲೆತ್ತುತ್ತೇವೆ: ನೆರೆಯವರ ಮೇಲೆ, ಕೆಲಸದವರ ಮೇಲೆ, ಕಷ್ಟದಲ್ಲಿರುವ ಬಂಧುವಿನ ಮೇಲೆ. ದೂರದಲ್ಲಿ ಇದ್ದಷ್ಟೂ ಕಣ್ಣಿಗೆ ಕಾಣುವುದು ಕಡಿಮೆ, ಮನಸ್ಸು ಕಲ್ಪಿಸುವುದು ಹೆಚ್ಚು. ಕದಿಯಬಾರದೆಂಬುದು ಏಳನೆಯ ದೈವಾಜ್ಞೆ. ಕಳ್ಳ ಅದನ್ನು ಮುರಿದ. ಆದರೆ ಸುಳ್ಳುಸಾಕ್ಷಿ ಬೇಡವೆಂಬ ಎಂಟನೆಯ ಆಜ್ಞೆಯನ್ನು ಮುರಿಯುವವರು ನಾವಾಗಬಾರದಲ್ಲವೇ? ಸಾಕಷ್ಟು ಆಧಾರವಿಲ್ಲದೆ ಇನ್ನೊಬ್ಬರ ತಪ್ಪನ್ನು ಮನಸ್ಸಿನೊಳಗೇ ನಿಜವೆಂದು ಒಪ್ಪಿಕೊಳ್ಳುವುದೂ ದೋಷವೇ ಎಂದು ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥ, ಅದರ 2477ನೇ ಪರಿಚ್ಛೇದದಲ್ಲಿ, ಕಲಿಸುತ್ತದೆ. ಕದ್ದ ಒಡವೆಯನ್ನು ಹಿಂದಕ್ಕೆ ಕೊಡಬಹುದು. ಕದ್ದ ಮಾನವನ್ನು ಪೂರ್ತಿಯಾಗಿ ಹಿಂದಕ್ಕೆ ಕೊಡುವುದು ಬಹಳ ಕಷ್ಟ.

ಹಾಗಾದರೆ ಸುಮ್ಮನೆ ಕೂರಬೇಕೇ? ಖಂಡಿತ ಇಲ್ಲ. ದಾವೀದ ದೇವರಲ್ಲಿ ಬಲ ಹೊಂದಿದ, ಯಾಜಕ ಎಬ್ಯಾತಾರನ ಮೂಲಕ ದೇವರ ಚಿತ್ತವನ್ನು ಕೇಳಿದ, ಅನಂತರ ಶತ್ರುವನ್ನು ಬೆನ್ನಟ್ಟಿದ. ನೀವೂ ಪ್ರಾರ್ಥಿಸಿ, ದೂರು ಕೊಡಿ. ಪೊಲೀಸರು ಬರುವವರೆಗೆ ಮನೆಯೊಳಗೆ ಯಾರೂ ಏನನ್ನೂ ಮುಟ್ಟದಿರಲಿ. ನೀವು ಬರಲಾಗದಿದ್ದರೆ ವಿಷಯ ತಿಳಿದ ಬಂಧು ಅಥವಾ ನೆರೆಯವರು ದೂರು ಕೊಡಬಹುದು. 2024ರ ಜುಲೈ 1ರಂದು ಜಾರಿಗೆ ಬಂದ ಹೊಸ ಕಾನೂನಿನಲ್ಲಿ ವಿದ್ಯುನ್ಮಾನ ಮಾರ್ಗದಿಂದಲೂ ದೂರು ಕಳುಹಿಸಲು ಅವಕಾಶವಿದೆ. ಆದರೆ ಮೂರು ದಿನಗಳೊಳಗೆ ಸಹಿ ಹಾಕಬೇಕು. ಸಂಶಯವಿದ್ದರೆ ತನಿಖೆ ಮಾಡುವವರಿಗೆ ಹೇಳಿ, ಊರಿಗೆ ಹೇಳಬೇಡಿ.

ಪರಲೋಕದಲ್ಲಿ ಸಂಪತ್ತು ಕೂಡಿಡಿರೆಂದು ಪ್ರಭು ಯೇಸು ಬೋಧಿಸಿದಾಗ ಕನ್ನ ಕೊರೆಯುವ ಕಳ್ಳರನ್ನು ನೆನಪಿಸಿದರು. ಅಂದಿನ ಪಲೆಸ್ತೀನಿನಲ್ಲಿ ಮಣ್ಣಿನ ಗೋಡೆ ಕೊರೆಯುತ್ತಿದ್ದರು, ಇಂದು ನಮ್ಮಲ್ಲಿ ಹಂಚು ಸರಿಸುತ್ತಾರೆ. ಆದರೆ ಈ ಬೋಧನೆಯನ್ನು ನೊಂದವರ ಮುಂದೆ ಅವಸರದಿಂದ ಹೇಳಬೇಡಿ. ತಾಯಿಯ ಕರಿಮಣಿಗಾಗಿ ಅಳುವುದು ಆಸೆಬುರುಕತನವಲ್ಲ, ಪ್ರೀತಿ. ಅವರೊಂದಿಗೆ ಕುಳಿತು ಒಂದು ಜಪಸರ ಹೇಳಿ, ಸಾಕು.

ದಾವೀದನ ಕಥೆಯ ಕೊನೆಯನ್ನು ಮರೆಯದಿರಿ. ಬೆನ್ನಟ್ಟುವಾಗ ಬಳಲಿದ 200 ಮಂದಿ ಬೆಸೋರ್ ಹಳ್ಳದ ಬಳಿ ಸರಕು ಕಾಯುತ್ತ ಉಳಿದಿದ್ದರು. ಅವರಿಗೆ ಪಾಲು ಬೇಡವೆಂದು ಕೆಲವರು ಹಟ ಹಿಡಿದರು. ದಾವೀದ ಒಪ್ಪಲಿಲ್ಲ. ಯುದ್ಧಕ್ಕೆ ಹೋದವನಿಗೂ ಸರಕು ಕಾದವನಿಗೂ ಸಮಪಾಲು ಎಂದು ವಿಧಿಸಿದ. ಪರದೇಶದಲ್ಲಿ ದುಡಿಯುವ ಬಂಧುಗಳೇ, ನಿಮ್ಮ ಮನೆಯ ಅಂಗಳ ಗುಡಿಸಿ, ನಿಮ್ಮ ತಾಯಿತಂದೆಯ ಸಮಾಧಿಗೆ ಹೂವಿಡುವವರು ಸರಕು ಕಾಯುವವರು. ಅವರಿಗೆ ಸಲ್ಲಬೇಕಾದ ಪಾಲು ನಿಮ್ಮ ನಂಬಿಕೆ.

ಆ ರಾತ್ರಿ ಹೇಳದ ಮಾತನ್ನು ನಾನು ಮರುವಾರ ಫೋನಿನಲ್ಲಿ ಹೇಳಿದೆ: “ಬೀಗ ಹಾಗೆಯೇ ಇತ್ತು. ಅದು ನಿಮಗೂ ಗೊತ್ತಿತ್ತು.” ಬಹಳ ಹೊತ್ತು ಆ ಕಡೆಯಿಂದ ಮಾತಿರಲಿಲ್ಲ. ರಜೆಗೆ ಬಂದಾಗ ಅವರು ಹೆಂಡತಿಯೊಡನೆ ಅಕ್ಕನ ಮನೆಗೆ ಹೋಗಿ ಕ್ಷಮೆ ಕೇಳಿದರು. ಕೈಗೊಂಚಲು ಈಗ ಮತ್ತೆ ಅಕ್ಕನ ಮನೆಯ ಮೊಳೆಯಲ್ಲಿ ತೂಗುತ್ತಿದೆ. ಚಿನ್ನ ಸಿಕ್ಕಿಲ್ಲ.

ನಿಮ್ಮ ಮನೆಯ ಬೀಗದ ಕೈ ಯಾರ ಹತ್ತಿರವಿದೆ? ಇಂದಿನ ಕುಟುಂಬ ಪ್ರಾರ್ಥನೆಯಲ್ಲಿ ಅವರ ಹೆಸರು ಹೇಳಿ. ಕದ್ದವರ ಮನಪರಿವರ್ತನೆಗಾಗಿಯೂ ಬೇಡಿಕೊಳ್ಳಿ. ಪ್ರಭು ನಿಮ್ಮ ಮನೆಯನ್ನೂ ಮನಸ್ಸನ್ನೂ ಕಾಯಲಿ.